ಸಭಾಪತಿ

ಆ ಮೈದಾನಕ್ಕೆ ಒಂದರ ಹಿಂದೊಂದು ಎರಡು ಬಾಗಿಲುಗಳಿದ್ದವು. ಹೊರಗಿನದನ್ನು ತೆರೆದು ಬಂದು, ಅದರ ಚಿಲಕ ಹಾಕಿದ ಮೇಲೆಯೇ ಒಳಗಿನದನ್ನು ತೆರೆಯಬೇಕು. ಇಲ್ಲವಾದರೆ ಒಳಗೆ ಆಡುತ್ತಿರುವ ನಾಯಿಗಳು ರಸ್ತೆಗೆ ಓಡಿಬಿಡುತ್ತವೆ. ಎರಡರ ನಡುವೆ ಒಂದು ಮಂಚ ಹಿಡಿಸುವಷ್ಟು ಜಾಗ, ಅಕ್ಕಪಕ್ಕ ತಂತಿಬಲೆ. ಬಂದವರು ಅಲ್ಲಿ ನಿಂತು ತಮ್ಮ ನಾಯಿಯ ಹಗ್ಗ ಬಿಚ್ಚುತ್ತಿದ್ದರು; ಹೊರಡುವವರು ಅಲ್ಲಿಯೇ ಹಗ್ಗ ಕಟ್ಟುತ್ತಿದ್ದರು. ಮೊದಲ ದಿನ ನನಗೆ ಇದೊಂದೂ ತಿಳಿದಿರಲಿಲ್ಲ. ಹಿಂದಿನದನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಕೈಹಾಕಿದಾಗ ಒಳಗಿನಿಂದ ಯಾರೋ "ಹಿಂದಿನ ಬಾಗಿಲು! ಹಿಂದಿನ ಬಾಗಿಲು ಹಾಕಿ ಮೇಡಂ!" ಎಂದು ಕೂಗಿಕೊಂಡರು. ನನ್ನ ಜೊತೆಗಿದ್ದ ನಾಯಿ ಮಾತ್ರ ಮುಖ ಮೇಲೆತ್ತಿ, ಕೊರಳು ಚಾಚಿ ತಾಳ್ಮೆಯಿಂದ ಕೂತಿತ್ತು. ಅದಕ್ಕೆ ಅಲ್ಲಿಯ ರೀತಿ ಗೊತ್ತಿತ್ತು. ಆ ಸಂಜೆ ನನ್ನನ್ನು ಬೀದಿಯಿಂದ ಬೀದಿಗೆ ಎಳೆದುಕೊಂಡು ಅಲ್ಲಿಗೆ ಕರೆತಂದದ್ದೂ ಅದೇ.

ಅದು ನನ್ನ ನಾಯಿಯಲ್ಲ, ಅಣ್ಣನದು. ಅಣ್ಣ ತೀರಿಕೊಂಡು ಆಗ ಕೆಲವು ವಾರಗಳಾಗಿದ್ದವು. ಒಂದು ಬೆಳಿಗ್ಗೆ ಕಾಫಿ ಹಿಡಿದು ಅವನ ಕೋಣೆಗೆ ಹೋದೆ. ಆರಾಮಕುರ್ಚಿಯಲ್ಲಿ ಕೂತ ಹಾಗೆಯೇ ಹೋಗಿಬಿಟ್ಟಿದ್ದ. ನಾಯಿ ಅವನ ಪಾದದ ಬಳಿ ಮಲಗಿತ್ತು. ನನ್ನನ್ನು ನೋಡಿ ತಲೆ ಎತ್ತಿತು, ಬೊಗಳಲಿಲ್ಲ. ಡಾಕ್ಟರು ಹೃದಯ ನಿಂತಿದೆ ಎಂದರು. ಬಂಧುಗಳು ಬಂದರು, ಬಸದಿಯಲ್ಲಿ ಆಗಬೇಕಾದದ್ದು ಆಯಿತು, ಬಂದವರು ಹೊರಟುಹೋದರು. ಮನೆಯಲ್ಲಿ ನಾನೂ ನಾಯಿಯೂ ಉಳಿದೆವು.

ಅಣ್ಣನ ಹೆಸರು ಧರಣೇಂದ್ರ. ಅವನಿಗೆ ಉಗ್ಗು. ಮಾತಿನ ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡು, ಕುತ್ತಿಗೆಯ ನರ ಬಿಗಿದು, ಕಣ್ಣು ಮುಚ್ಚಿಹೋಗುವಂಥ ಉಗ್ಗು. ನಮ್ಮ ಅಪ್ಪ ವಕೀಲರು. ಅವರ ಕಂಠ ಕೋರ್ಟಿನ ಹೊರಗಿನ ಆಲದ ಮರದವರೆಗೂ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ಮಗನನ್ನು ಅವರು ಹಂಗಿಸಿದವರಲ್ಲ. ಆದರೆ ಅವನು ಮಾತಿಗೆ ಬಾಯಿ ತೆರೆದರೆ ಗೋಡೆಯ ಗಡಿಯಾರ ನೋಡುತ್ತಿದ್ದರು. ಮಾತು ಬೇಡದ ಕೆಲಸ ಎಂದು ಅವನಿಗೆ ನಕ್ಷೆ ಬರೆಯುವ ವಿದ್ಯೆ ಕಲಿಸಿದರು. ನೀರು ಸರಬರಾಜು ಕಚೇರಿಯಲ್ಲಿ ಕೂತು ಅವನು ಇಡೀ ಊರಿನ ಕೊಳವೆಗಳನ್ನು ಕಾಗದದ ಮೇಲೆ ಎಳೆದ. ಹಾಗೆ ಎಳೆಯುತ್ತಲೇ ನಿವೃತ್ತನಾದ.

ನಾವಿಬ್ಬರೂ ಮದುವೆಯಾಗಲಿಲ್ಲ. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಪ್ಪ ಅಮ್ಮ ಹೋದ ಮೇಲೆ ಒಂದೇ ಮನೆಯಲ್ಲಿ ಬಹಳ ವರ್ಷ ಬದುಕಿದೆವು. ಅವನ ಮಾತು ಮುಗಿಸಿಕೊಡುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. "ಸಾ..." ಎಂದರೆ ಸಾರಿನ ಪಾತ್ರೆ ಮುಂದಿಡುತ್ತಿದ್ದೆ, "ಕೊ..." ಎಂದರೆ ಕೊಡೆ ತಂದು ಕೈಗೆ ಕೊಡುತ್ತಿದ್ದೆ. ಅವನು ತಲೆಯಾಡಿಸಿ ತೆಗೆದುಕೊಳ್ಳುತ್ತಿದ್ದ. ನಮ್ಮ ನಡುವೆ ಜಗಳವಿರಲಿಲ್ಲ, ಹೆಚ್ಚಿನ ಮಾತೂ ಇರಲಿಲ್ಲ.

ನಾಯಿಯನ್ನು ಅವನು ಎಲ್ಲಿಂದಲೋ ಮರಿಯಾಗಿದ್ದಾಗ ಎತ್ತಿಕೊಂಡು ಬಂದಿದ್ದ. ಕಂದು ಬಣ್ಣದ ಬೀದಿಯ ತಳಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಮನೆಯಲ್ಲಿ ಅವನು ಅದನ್ನು ಹೆಸರಿಟ್ಟು ಕರೆದದ್ದು ನಾನು ಕೇಳಿಲ್ಲ. ತೊಡೆಗೆ ಮೆಲ್ಲಗೆ ತಟ್ಟಿದರೆ ಎದ್ದು ಬರುತ್ತಿತ್ತು. ಹೊತ್ತು ಮುಳುಗುವ ಮುಂಚೆ ಉಣ್ಣುವುದು ನಮ್ಮ ಮನೆಯ ಪದ್ಧತಿ. ಉಂಡು ಕೈತೊಳೆದು ಅವನು ಹಗ್ಗ ಹಿಡಿದು ಹೊರಡುತ್ತಿದ್ದ, ಬೀದಿಯ ದೀಪ ಹತ್ತಿದ ಮೇಲೆ ಬರುತ್ತಿದ್ದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಹೇಳುವ ಕಷ್ಟ ಅವನಿಗೆ, ಅದನ್ನು ನೋಡುವ ಕಷ್ಟ ನನಗೆ.

ಅವನು ಹೋದ ಮೇಲೆ ನಾಯಿಗೆ ಒಂದು ವಿಚಿತ್ರ ಚಾಳಿ ಹಿಡಿಯಿತು. ಸಂಜೆಯಾದರೆ ಬಂದು ನನ್ನೆದುರು ಕೂರುತ್ತಿತ್ತು; ಕೂತು ನನ್ನ ಬಾಯನ್ನೇ ನೋಡುತ್ತಿತ್ತು. ಹಸಿವೆಂದುಕೊಂಡು ಮೊಸರನ್ನ ಇಟ್ಟರೆ ಮೂಸಿ ಬಿಟ್ಟು ಮತ್ತೆ ಬಂದು ಕೂರುತ್ತಿತ್ತು. ನೀರು, ರೊಟ್ಟಿ, ಬೆಲ್ಲದ ಚೂರು, ಯಾವುದೂ ಬೇಡ. ಅದರ ಪಕ್ಕೆಲುಬು ಕಾಣತೊಡಗಿತು. ನನಗೆ ನಾಯಿಗಳ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಇದನ್ನು ಯಾರಾದರೂ ನಾಯಿ ಬಲ್ಲವರಿಗೆ ಒಪ್ಪಿಸುವುದು ಒಳ್ಳೆಯದೆಂದು ತೀರ್ಮಾನಿಸಿದೆ. ಅಂಥವರು ಎಲ್ಲಿ ಸಿಗುತ್ತಾರೆಂದು ಯೋಚಿಸುತ್ತಿದ್ದ ಸಂಜೆಯೇ ಅದು ಗೂಟದಲ್ಲಿ ನೇತುಹಾಕಿದ್ದ ಹಗ್ಗವನ್ನು ಬಾಯಲ್ಲಿ ಕಚ್ಚಿ ತಂದು ನನ್ನ ಕಾಲಮೇಲೆ ಹಾಕಿತು.

ಮೈದಾನ ಮೊದಲು ಬಸ್ ಡಿಪೋ ಆಗಿತ್ತಂತೆ. ಎಣ್ಣೆ ಹೀರಿದ ನೆಲದಲ್ಲಿ ಅಲ್ಲಲ್ಲಿ ಹುಲ್ಲೇ ಬೆಳೆದಿರಲಿಲ್ಲ. ಒಂದು ನಲ್ಲಿ, ಅದರ ಕೆಳಗೆ ತೊಟ್ಟಿ, ಗುಲ್‌ಮೊಹರ್ ಮರದಡಿ ಸಿಮೆಂಟಿನ ಬೆಂಚು. ಬಾಗಿಲ ಪಕ್ಕದ ಹಲಗೆಯ ಮೇಲೆ "ನಾಯಿ ಇಲ್ಲದವರಿಗೆ ಪ್ರವೇಶವಿಲ್ಲ" ಎಂದು ಬರೆದಿತ್ತು. ಅಂಥ ಜಾಗ ಊರಿನಲ್ಲಿ ಅದೊಂದೇ ಇದ್ದಿರಬೇಕು. ನಾನು ಕೊನೆಗೂ ಒಳಬಾಗಿಲು ದಾಟಿಸಿ ಹಗ್ಗ ಬಿಟ್ಟ ಕೂಡಲೇ ಬೆಂಚಿನ ಕಡೆಯಿಂದ ದನಿಗಳೆದ್ದವು.

"ಸಭಾಪತಿ ಬಂದ! ನೋಡಿ, ನಮ್ಮ ಸಭಾಪತಿ ಬಂದ!"

ಯಾರನ್ನೋ ಕರೆಯುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ನಾಯಿ ಬಾಣದಂತೆ ಓಡಿ ಬೆಂಚಿನ ಬಳಿ ಕೂತಿದ್ದವರ ಮಡಿಲಿಗೆ ತಲೆ ತೂರಿಸಿತು. ಅದರ ಹೆಸರು ನನಗೆ ತಿಳಿದದ್ದು ಹಾಗೆ.

ಬೆಂಚಿನಲ್ಲಿ ಇಬ್ಬರಿದ್ದರು. ಬಿಳಿಯ ಪುಟ್ಟ ನಾಯಿಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವರು ಸಿಸಿಲಿಯಾ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಆ ಪುಟ್ಟ ನಾಯಿಗೆ ಬೆಣ್ಣೆ ಎಂದು ಹೆಸರು. ಇನ್ನೊಬ್ಬರು ಶಫಿ, ಮದುವೆ ಮುಂಜಿಗೆ ಶಾಮಿಯಾನ ಬಾಡಿಗೆ ಕೊಡುವವರು, ದಪ್ಪ ಮೀಸೆಯ ನಡುವಯಸ್ಸಿನ ಮನುಷ್ಯ. ಕರುವಿನಷ್ಟು ಎತ್ತರದ ಅವರ ನಾಯಿಯ ಹೆಸರು ಟೈಗರ್. ಅದು ಬೆಣ್ಣೆಗೆ ಹೆದರಿ ಬೆಂಚಿನ ಹಿಂದೆ ಅಡಗಿತ್ತು.

"ಸಾರ್ ಎಲ್ಲಿ? ಹುಷಾರಿಲ್ವಾ?" ಸಿಸಿಲಿಯಾ ಕೇಳಿದರು. "ಎಷ್ಟು ದಿನ ಆಯ್ತು ಬರದೆ. ಮನೆ ಎಲ್ಲಿ ಅಂತಾನೂ ನಮಗೆ ಗೊತ್ತಿರಲಿಲ್ಲ ನೋಡಿ."

"ನಾನು ಅವರ ತಂಗಿ," ಎಂದೆ. "ಅಣ್ಣ ತೀರಿಕೊಂಡರು."

ಸಿಸಿಲಿಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಶಫಿ ಎದ್ದು ನಿಂತರು. ಏನು ಮಾಡುವುದೆಂದು ತಿಳಿಯದೆ ಮತ್ತೆ ಕೂತರು. ಅವರೇ ಹೇಳಿದರು: "ಎಂಥಾ ಮಾತುಗಾರ ಹೋಗಿಬಿಟ್ರು."

"ಯಾರು?"

"ನಿಮ್ಮಣ್ಣ, ಮೇಡಂ."

"ನೀವು ಬೇರೆ ಯಾರನ್ನೋ ಅಂದುಕೊಂಡಿದ್ದೀರಿ. ನಮ್ಮಣ್ಣನಿಗೆ ಉಗ್ಗು. ಒಂದು ವಾಕ್ಯ ಪೂರ್ತಿ ಆಡೋಕೆ ಆಗ್ತಿರಲಿಲ್ಲ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಸಿಲಿಯಾ ಪಕ್ಕಕ್ಕೆ ಸರಿದು ನನಗೆ ಬೆಂಚಿನಲ್ಲಿ ಜಾಗ ಮಾಡಿದರು.

"ನಮ್ಮ ಜೊತೆ ಮಾತಾಡೋವಾಗ ಹಾಗೇನೇ," ಎಂದರು. "ಮೊದಮೊದಲು ನಮಸ್ಕಾರ ಅನ್ನೋದಕ್ಕೂ ಕಷ್ಟಪಡ್ತಿದ್ರು. ಇಲ್ಲಿ ಒಬ್ಬರೇ ಕೂರ್ತಿದ್ರು, ಎದುರಿಗೆ ನಾಯಿ. ಒಂದು ದಿನ ನಾನು ನಲ್ಲಿ ಹತ್ರ ಇದ್ದೆ. ಯಾರೋ ಸೊಗಸಾಗಿ ಮಾತಾಡ್ತಿದ್ದಾರೆ, ರೇಡಿಯೋದಲ್ಲಿ ಬರೋ ಹಾಗೆ. ತಿರುಗಿ ನೋಡಿದ್ರೆ ಸಾರ್. ನಾಯಿಗೆ ಹೇಳ್ತಿದ್ದಾರೆ. ಒಂದಕ್ಷರ ತಡವರಿಸ್ತಿಲ್ಲ."

"ನಾವು ಹತ್ರ ಹೋದ್ರೆ ನಿಲ್ಲಿಸ್ಬಿಡ್ತಾರೇನೋ ಅಂತ ಭಯ ಆಯ್ತು," ಎಂದರು ಶಫಿ. "ಮೆತ್ತಗೆ ಬಂದು ಹಿಂದೆ ಕೂತ್ವಿ. ಸಾರ್ ನಮ್ಮನ್ನ ನೋಡಿದ್ರು. ನಿಲ್ಲಿಸ್ಲಿಲ್ಲ. ಆದ್ರೆ ನಮಗೆ ಹೇಳ್ಲೂ ಇಲ್ಲ. 'ಕೇಳು ಸಭಾಪತಿ' ಅಂತ ಅದಕ್ಕೇ ಹೇಳೋರು. ನಾವು ಕೇಳಿಸ್ಕೊಳ್ಳೋರು. ಆಮೇಲೆ ದಿನಾ ಅದೇ. ಒಂದೊಂದು ಸಲ ಇಡೀ ಮೈದಾನದ ಜನ ಇಲ್ಲಿ ಸೇರ್ತಿತ್ತು. ನಾನೇ ಒಂದಿನ ಅಂಗಡಿಯಿಂದ ಜಮಖಾನ ತಂದು ಹಾಸಿದ್ದೆ."

ನಂಬಿದೆ ಎಂದು ಹೇಳಲಾರೆ. ನಂಬಲಿಲ್ಲ ಎಂದೂ ಹೇಳಲಾರೆ. ಹಿಂದಿರುಗುವ ದಾರಿಯಲ್ಲಿ ನನಗೆ ಬಾಲ್ಯದ ಒಂದು ಮಧ್ಯಾಹ್ನ ನೆನಪಾಯಿತು. ನದಿಯ ದಂಡೆಯ ಊರಿನ ನಮ್ಮ ಹಳೆಯ ಮನೆ. ನಾನು ಒಳಗೆ ಜ್ವರ ಬಂದು ಮಲಗಿದ್ದೆ. ಕಿಟಕಿಯ ಹೊರಗೆ ಯಾರೋ ಹುಡುಗ ಎಡೆಬಿಡದೆ ಮಾತಾಡುತ್ತಿದ್ದ. ಪಕ್ಕದ ಮನೆಯವನೆಂದುಕೊಂಡು ನಿದ್ದೆ ಹೋಗಿದ್ದೆ. ಆ ಕಾಲದಲ್ಲಿ ನಮ್ಮ ಮನೆಯಲ್ಲೊಂದು ನಾಯಿ ಇತ್ತು. ಪಕ್ಕದ ಮನೆಯಲ್ಲಿ ಗಂಡುಹುಡುಗರೇ ಇರಲಿಲ್ಲ.

ಮಾರನೆಯ ಸಂಜೆಯೂ ಹೋದೆ. ನಾಯಿಗೊಂದು ಮನೆ ಹುಡುಕಬೇಕಾಗಿದೆ ಎಂಬ ನನ್ನ ವಿಷಯ ಹೇಳಿದೆ. ಶಫಿ ತಡಮಾಡಲಿಲ್ಲ.

"ನನಗೆ ಕೊಡಿ ಮೇಡಂ. ಮನೆ ಹಿಂದೆ ದೊಡ್ಡ ಕಾಂಪೌಂಡ್ ಇದೆ, ಶಾಮಿಯಾನದ ಕಂಬ ಎಲ್ಲ ಇಡೋದು ಅಲ್ಲೇ. ಟೈಗರ್‌ಗೂ ಧೈರ್ಯಕ್ಕೆ ಒಬ್ಬ ಜೊತೆ ಆಗ್ತಾನೆ. ಭಾನುವಾರ ಕರ್ಕೊಂಡು ಹೋಗ್ತೀನಿ."

ಸಮ್ಮತಿಸಿದೆ. ಅದು ಊಟ ಬಿಟ್ಟಿದೆ, ಸಂಜೆ ಬಾಯಿ ನೋಡುತ್ತ ಕೂರುತ್ತದೆ ಎಂದೂ ತಿಳಿಸಿದೆ. ಸಿಸಿಲಿಯಾ ನಕ್ಕುಬಿಟ್ಟರು, ನಕ್ಕ ಮೇಲೆ ಅವರ ಕಣ್ಣು ತುಂಬಿತು.

"ಅದಕ್ಕೆ ಅನ್ನ ಬೇಡ ಅಕ್ಕಾ. ಮಾತು ಬೇಕು. ಸಾರ್ ಹೋದಾಗಿಂದ ನೀವು ಅದರ ಜೊತೆ ಏನಾದ್ರೂ ಮಾತಾಡಿದೀರಾ?"

ಬಾ, ಹೋಗು, ತಿನ್ನು ಎಂದದ್ದು ಬಿಟ್ಟರೆ ಏನನ್ನೂ ಆಡಿರಲಿಲ್ಲ. ಆ ಸಂಜೆ ಮನೆಗೆ ಬಂದ ಮೇಲೆ ನಾಯಿ ಎದುರು ಬಂದು ಕೂತಾಗ ಏನು ಹೇಳುವುದೆಂದು ತಿಳಿಯಲಿಲ್ಲ. ಖಾಲಿ ಕೋಣೆಯಲ್ಲಿ ಪ್ರಾಣಿಯೊಂದರ ಮುಂದೆ ಬಾಯಿ ತೆರೆಯಲು ಸಂಕೋಚವಾಯಿತು. ಕೊನೆಗೆ ನನಗೆ ಬಾಯಿಪಾಠವಾಗಿದ್ದ ಒಂದನ್ನು ಹೇಳಿದೆ: "ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ." ನೆಟ್ಟಗಿದ್ದ ಕಿವಿ ಅಲುಗಿತು. ಸಾಧನೆಯನ್ನೂ ಹೇಳಿದೆ, ಸಮಾಂತರ ರೇಖೆ ಎಳೆಯುವಲ್ಲಿಂದ ಹಿಡಿದು ಕೊನೆಯವರೆಗೆ. ನಾಯಿ ತಲೆಯನ್ನು ಆ ಕಡೆ ಈ ಕಡೆ ಓರೆಮಾಡಿ ಪೂರ್ತಿ ಕೇಳಿತು. ನಾನು ಮುಗಿಸಿದ ಮೇಲೆ ಎದ್ದು ಹೋಗಿ ತಟ್ಟೆಯಲ್ಲಿದ್ದ ಮೊಸರನ್ನವನ್ನು ಸದ್ದುಮಾಡಿಕೊಂಡು ತಿಂದಿತು. ಮೂವತ್ತು ಚಿಲ್ಲರೆ ವರ್ಷಗಳ ಮೇಷ್ಟರಿಕೆಯಲ್ಲಿ ಆ ಪ್ರಮೇಯವನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರನ್ನು ನಾನು ಕಂಡಿರಲಿಲ್ಲ.

ಭಾನುವಾರ ಬಂತು. ನಾಯಿಯ ತಟ್ಟೆ, ಅಣ್ಣನ ಹಳೆಯ ಹೊದಿಕೆಯ ತುಂಡು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಎರಡು ಬಾಗಿಲುಗಳ ನಡುವೆ ಹಗ್ಗ ಬಿಚ್ಚುವಾಗ, ಮರಳಿ ಹೋಗುವಾಗ ಇಲ್ಲಿ ಕಟ್ಟುವ ಕೆಲಸ ನನಗಿರುವುದಿಲ್ಲ ಎಂಬುದು ಮನಸ್ಸಿಗೆ ಬಂತು. ಹಾಗೆ ಬಂದದ್ದಷ್ಟೇ, ನೋವೇನೂ ಆಗಲಿಲ್ಲ.

ಬೆಂಚಿನ ಬಳಿ ಸಿಸಿಲಿಯಾ, ಶಫಿ ಕಾದಿದ್ದರು. ಸಭಾಪತಿ ಟೈಗರನ್ನು ಹುಡುಕಿಕೊಂಡು ಮರದ ಹಿಂದೆ ಹೋಯಿತು. ಶಫಿ ಗಂಟಲು ಸರಿಮಾಡಿಕೊಂಡರು.

"ಮೇಡಂ, ಒಂದು ಮಾತು ಕೇಳ್ಬೇಕಿತ್ತು. ಸಾರ್ ಒಂದು ಕಥೆ ಅರ್ಧ ಹೇಳಿ ಹೋಗಿಬಿಟ್ಟಿದ್ದಾರೆ. ಅವರ ಚಿಕ್ಕಂದಿನದು. ನೀವು ತಂಗಿ ಅಂದ ಮೇಲೆ ನಿಮಗೆ ಗೊತ್ತೇ ಇರುತ್ತೆ. ಕೊನೆಗೆ ನಾಯಿ ಸಿಕ್ತಾ?"

"ಯಾವ ನಾಯಿ?"

"ಮೋತಿ."

ಆ ಹೆಸರನ್ನು ನಾನು ಅರ್ಧ ಶತಮಾನದಿಂದ ಕೇಳಿರಲಿಲ್ಲ. ಮೋತಿ ನಮ್ಮ ಬಾಲ್ಯದ ಮನೆಯ ನಾಯಿ. ಒಂದು ದಿನ ಅದು ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಅಮ್ಮ, ಓಡಿಹೋಯಿತು ಎಂದಿದ್ದರು. ನನಗೆ ಆಗ ಏಳು ವರ್ಷ, ಅಣ್ಣನಿಗೆ ಹತ್ತು. ನನಗೆ ಗೊತ್ತಿದ್ದದ್ದು ಅಷ್ಟೇ.

"ಓಡಿಹೋಯ್ತು," ಎಂದೆ.

"ಓಡಿಹೋಗ್ಲಿಲ್ಲ ಅಕ್ಕಾ," ಸಿಸಿಲಿಯಾ ಮೆಲ್ಲಗೆ ಹೇಳಿದರು. "ನಿಮ್ಮಪ್ಪ ಅದನ್ನ ಗೋಣಿಚೀಲದಲ್ಲಿ ಹಾಕಿಸಿ, ದೋಣಿಯಲ್ಲಿ ಆಚೆ ದಡಕ್ಕೆ ಕಳಿಸಿದ್ರಂತೆ. ಹುಡುಗ ದಿನವಿಡೀ ನಾಯಿ ಜೊತೆಗೇ ಮಾತಾಡ್ತಾನೆ, ಅದಿರೋವರೆಗೂ ಮನುಷ್ಯರ ಜೊತೆ ಮಾತು ಕಲಿಯಲ್ಲ ಅಂತ. ಸಾರ್ ನಿಮ್ಮಪ್ಪನ್ನ ಬೈದು ಹೇಳಲಿಲ್ಲ. ಒಳ್ಳೇದಕ್ಕೇ ಮಾಡಿದ್ರು ಅಂತಲೇ ಹೇಳಿದ್ರು."

ಮನೆಯಲ್ಲಿ ಅವನು ಈ ನಾಯಿಯನ್ನು ಹೆಸರಿಟ್ಟು ಕರೆಯದೆ ತೊಡೆ ತಟ್ಟುತ್ತಿದ್ದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ಅವನು ಮನೆಯೊಳಗೆ ನಾಯಿಯ ಜೊತೆ ಮಾತಾಡುವ ಧೈರ್ಯ ಮಾಡಿರಲಿಲ್ಲ.

ಮುಂದಿನದನ್ನು ಇಬ್ಬರೂ ಸೇರಿ ಹೇಳಿದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ಹುಡುಗ ಒಂದು ದಿನ ಸ್ಕೂಲಿಗೆಂದು ಹೊರಟವನು ನದಿಗೆ ಹೋಗಿ, ಹುಲ್ಲಿನ ಹೊರೆಗಳ ಸಂದಿಯಲ್ಲಿ ಅಡಗಿ ದೋಣಿಯಲ್ಲಿ ಆಚೆ ದಡ ಸೇರಿದ. ಅಲ್ಲಿಯ ಬೀದಿಯಲ್ಲಿ ಕಂಡಕಂಡವರನ್ನು ತಡೆದು ನಾಯಿ ನೋಡಿದಿರಾ ಎಂದು ಕೇಳಹೋದ. "ನಾ... ನಾ..." ಎನ್ನುವುದರಲ್ಲಿ ಕೇಳುವವರ ತಾಳ್ಮೆ ತೀರುತ್ತಿತ್ತು.

"ಒಬ್ಬ ನಾಗರಕಟ್ಟೆನಾ ಅಂತ ಊರಾಚೆ ಕಳಿಸಿದ," ಶಫಿ ಹೇಳಿದರು. "ಇನ್ನೊಬ್ಬ ನಾರಾಯಣ ಶೆಟ್ರ ಅಂಗಡಿನಾ ಅಂತ ಅಂಗಡಿ ತೋರಿಸಿದ. ಇನ್ನೊಬ್ಬಳು ಅಜ್ಜಿ, ಪಾಪ, ಈ ಮಗೂಗೆ ನಾಲಿಗೆ ಒಣಗಿದೆ ಅಂತ ಮಜ್ಜಿಗೆ ಕೊಟ್ಟಳು. ಸಾರ್ ಇದನ್ನ ಹೇಳೋವಾಗ ನಾವೆಲ್ಲ ಬಿದ್ದೂ ಬಿದ್ದೂ ನಕ್ಕಿದ್ವಿ. ಸಾರೂ ನಗ್ತಿದ್ರು."

"ಸುತ್ತಿ ಸುತ್ತಿ ಕೊನೆಗೆ," ಸಿಸಿಲಿಯಾ ಮುಂದುವರಿಸಿದರು, "ಜನರನ್ನ ಕೇಳೋದೇ ಬೇಡ ಅಂತ ಬೀದಿ ನಡುವೆ ನಿಂತು, ಮೋತಿ ಅಂತ ಕೂಗಿದ್ರಂತೆ. ಆ ಹೆಸರು ಕರೆಯೋಕೆ ಅವರಿಗೆ ಯಾವತ್ತೂ ಕಷ್ಟ ಆಗ್ತಿರಲಿಲ್ವಂತೆ. 'ಮೋತೀ ಅಂತ ಕೂಗಿದೆ ಸಭಾಪತಿ, ಆ ಬೀದಿಯಲ್ಲಿ ಎಲ್ಲರೂ ತಿರುಗಿ ನೋಡಿದ್ರು' ಅಂದ್ರು. ಅಷ್ಟು ಹೇಳಿ, ಮಿಕ್ಕಿದ್ದು ನಾಳೆ ಅಂತ ನಿಲ್ಲಿಸಿಬಿಟ್ರು."

ಆ ನಾಳೆಯ ಬೆಳಿಗ್ಗೆಯೇ ನಾನು ಕಾಫಿ ಹಿಡಿದು ಅವನ ಕೋಣೆಗೆ ಹೋದದ್ದು.

ನಾನು ಆ ದಿನವನ್ನು ಬಲ್ಲೆ. ಅದು ನಮ್ಮ ಮನೆಯಲ್ಲಿ ಹೆಸರಾದ ದಿನ. ಅಣ್ಣ ಸ್ಕೂಲಿಗೆ ಹೋಗಿಲ್ಲವೆಂದು ಮಧ್ಯಾಹ್ನ ತಿಳಿದು ಎಲ್ಲರೂ ಹುಡುಕಾಡಿದ್ದರು. ದೀಪ ಹಚ್ಚುವ ಹೊತ್ತಿಗೆ ಅವನೇ ಬಂದು ಬಾಗಿಲಲ್ಲಿ ನಿಂತ. ಅಂಗಿ ಚಡ್ಡಿ ಎಲ್ಲ ಒದ್ದೆ. ಅಪ್ಪ ಆವರೆಗೆ ನಾನು ಕಂಡಿರದ ಕೋಪದಲ್ಲಿದ್ದರು. "ಎಲ್ಲಿಗೆ ಹೋಗಿದ್ದೆ?" ಎಂದರು. ಅಣ್ಣ "ನಾ... ನಾ..." ಎಂದು ಅಲ್ಲಿಯೇ ನಿಂತುಬಿಟ್ಟ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿತು. ಆ ವಾರ ಊರಿಗೆ ನಾಟಕದ ಕಂಪನಿಯೊಂದು ಬಂದು ಟೆಂಟು ಹಾಕಿತ್ತು. ನಾನು ಅಮ್ಮನ ಸೆರಗಿನ ಮರೆಯಿಂದ "ನಾಟಕ ನೋಡೋಕೆ!" ಎಂದು ಮುಗಿಸಿಕೊಟ್ಟೆ. ಅಣ್ಣ ಕಣ್ಣು ತೆರೆದು ನನ್ನನ್ನು ನೋಡಿದ. ಆಮೇಲೆ ತಲೆಯಾಡಿಸಿದ. ಅಪ್ಪ ನಕ್ಕುಬಿಟ್ಟರು. ತಾವೂ ಹುಡುಗರಾಗಿದ್ದಾಗ ಸ್ಕೂಲು ತಪ್ಪಿಸಿ ನಾಟಕಕ್ಕೆ ಹೋಗಿದ್ದನ್ನು ಮರುದಿನ ಊಟಕ್ಕೆ ಕೂತಾಗ ಹೇಳಿದರು. ಅಂದಿನಿಂದ ಬಂಧುಗಳೆಲ್ಲ ಅಣ್ಣನನ್ನು "ಏನಪ್ಪಾ, ನಾಟಕದವನೇ" ಎಂದೇ ಕರೆಯುತ್ತಿದ್ದರು. ಮುದುಕನಾಗುವವರೆಗೂ ಕರೆದರು.

ಇದನ್ನು ಅವರಿಬ್ಬರಿಗೆ ಹೇಳಿದೆ.

"ಅದನ್ನೂ ಹೇಳಿದ್ರು," ಎಂದರು ಸಿಸಿಲಿಯಾ. "ಬೇರೆ ಒಂದು ದಿನ, ಮೊದಲೇ ಹೇಳಿದ್ರು. 'ನಮ್ಮಪ್ಪ ನಾಟಕವನ್ನ ಕ್ಷಮಿಸ್ತಿದ್ರು, ನಾಯಿಯನ್ನ ಕ್ಷಮಿಸ್ತಿರಲಿಲ್ಲ. ಅದು ನನ್ನ ತಂಗಿಗೆ ಗೊತ್ತಿತ್ತು ಸಭಾಪತಿ. ಇನ್ನೂ ಮುಂದಿನ ಹಲ್ಲು ಬಿದ್ದಿದ್ದ ಹುಡುಗಿ, ನನ್ನನ್ನ ಹೇಗೆ ಕಾಪಾಡಿದಳು ನೋಡು' ಅಂದ್ರು. ಅವತ್ತಿಂದ ಮನೆಯಲ್ಲಿ ಮಾತು ಮುಗಿಸೋ ಕೆಲಸ ಅವಳಿಗೇ ಬಿಟ್ಟುಬಿಟ್ಟೆ ಅಂದ್ರು."

ಮರದ ಹಿಂದಿನಿಂದ ಟೈಗರ್ ಓಡಿಬಂದು ಶಫಿಯ ಕಾಲ ನಡುವೆ ತೂರಿಕೊಂಡಿತು. ಹಿಂದೆಯೇ ಸಭಾಪತಿ ಬಂದು ನೀರಿನ ತೊಟ್ಟಿಗೆ ಬಾಯಿಹಾಕಿತು.

"ನನಗೆ ಗೊತ್ತಿರಲಿಲ್ಲ," ಎಂದೆ. "ನಿಜವಾಗಿಯೂ ನಾಟಕ ಅಂತಲೇ ಅಂದುಕೊಂಡಿದ್ದೆ. ಇವತ್ತಿನವರೆಗೂ."

ಸಿಸಿಲಿಯಾ ನನ್ನ ಕೈಮೇಲೆ ಕೈಯಿಟ್ಟರು. ಅಂಥ ಸಲಿಗೆ ನನಗೆ ಅಭ್ಯಾಸವಿಲ್ಲ. ಆದರೂ ಕೈ ತೆಗೆಯಲಿಲ್ಲ. "ಗೊತ್ತಿಲ್ಲದೆ ಕಾಪಾಡಿದ್ರೂ ಕಾಪಾಡಿದ ಹಾಗೇ ಅಲ್ವಾ," ಎಂದರು. "ಆಸ್ಪತ್ರೆಯಲ್ಲಿ ನಾವು ಎಷ್ಟೋ ಸಲ ಹಾಗೇ ಮಾಡಿದೀವಿ."

ಶಫಿಗೆ ಇನ್ನೂ ಕಥೆಯದೇ ಯೋಚನೆ. "ಒದ್ದೆ ಆಗಿದ್ರು ಅಂದ್ರಲ್ಲ ಮೇಡಂ, ಅದು ಮುಖ್ಯ. ದೋಣೀಲಿ ಬಂದ್ರೆ ಒದ್ದೆ ಯಾಕಾಗ್ತಾರೆ? ಕೊನೇ ದೋಣಿ ತಪ್ಪಿ ಈಜಿಕೊಂಡು ಬಂದಿರಬೇಕು. ನಾಯೀನೂ ಜೊತೆಗೆ ಈಜಿರಬೇಕು."

"ಹಾಗಿದ್ರೆ ನಾಯಿ ಎಲ್ಲಿ ಹೋಯ್ತು?" ಸಿಸಿಲಿಯಾ ಕೇಳಿದರು. "ಮನೆಗೆ ಬರಲಿಲ್ವಲ್ಲ."

"ದಡದವರೆಗೂ ಬಿಟ್ಟು ವಾಪಸ್ ಹೋಗಿರುತ್ತೆ. ಮನೆಗೆ ಬಂದ್ರೆ ಮತ್ತೆ ಗೋಣಿಚೀಲ ಅಂತ ಅದಕ್ಕೂ ಗೊತ್ತು."

"ಸಿಗದೇ ಇದ್ದಿರಬಹುದು. ಅಳ್ತಾ ನೀರಿಗೆ ಇಳಿದಿರಬಹುದು ಹುಡುಗ."

"ಏನು ಸಿಸ್ಟರ್ ನೀವು, ಹಾಗೆ ಹೇಳ್ಬೇಡಿ!" ಶಫಿ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಮೇಡಂ. ಸಿಕ್ಕಿರುತ್ತೆ ಅಲ್ವಾ?"

ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಹೇಳುವುದು ಕಷ್ಟವಿರಲಿಲ್ಲ. ಸಿಕ್ಕಿತು ಎಂದರೆ ಅವರು ನಂಬುತ್ತಿದ್ದರು, ಸಂತೋಷದಿಂದ ಮನೆಗೆ ಹೋಗುತ್ತಿದ್ದರು. ನಾನು ಆವರೆಗೆ ಅಣ್ಣನ ಎಷ್ಟೋ ಮಾತುಗಳನ್ನು ಅದಕ್ಕಿಂತ ಕಡಿಮೆ ಆಧಾರದ ಮೇಲೆ ಮುಗಿಸಿದ್ದೆ.

"ಗೊತ್ತಿಲ್ಲ," ಎಂದೆ. "ಅವನು ನನಗೆ ಹೇಳಲಿಲ್ಲ."

ಶಫಿ ಉಸ್ಸೆಂದು ಬೆಂಚಿಗೆ ಒರಗಿದರು. ಸಿಸಿಲಿಯಾ ಬೆಣ್ಣೆಯ ರೋಮದಲ್ಲಿ ಸಿಕ್ಕಿಕೊಂಡಿದ್ದ ಮುಳ್ಳುಕಾಯಿಯೊಂದನ್ನು ಬಿಡಿಸಿ ತೆಗೆದರು.

"ಒಂದು ವಿಷಯ ನಾನು ಯಾರಿಗೂ ಹೇಳಿಲ್ಲ," ಎಂದರು ಆಮೇಲೆ. "ಆ ಕೊನೇ ದಿನ ಎಲ್ಲರೂ ಹೊರಟ ಮೇಲೆ, ಬೆಣ್ಣೆಯ ಬಟ್ಟಲು ಇಲ್ಲೇ ಮರೆತೆ ಅಂತ ವಾಪಸ್ ಬಂದೆ. ಸಾರ್ ಹೋಗಿರಲಿಲ್ಲ. ಇದೇ ಬೆಂಚಿನ ಮೇಲೆ ಬಗ್ಗಿ ಕೂತು ಸಭಾಪತಿಗೆ ಏನೋ ಹೇಳ್ತಿದ್ರು, ತುಂಬ ಮೆಲ್ಲಗೆ. ಅದು ನಮಗೆಲ್ಲ ಕೇಳಲಿ ಅಂತ ಹೇಳೋ ಧ್ವನಿ ಅಲ್ಲ. ನಾನು ಬಾಗಿಲ ಹತ್ರಾನೇ ನಿಂತೆ, ಹತ್ತಿರ ಹೋಗಬಾರದು ಅನಿಸ್ತು. ಬಟ್ಟಲು ಬಿಟ್ಟು ಹಾಗೇ ಹೋಗ್ಬಿಟ್ಟೆ. ಮಿಕ್ಕಿದ್ದನ್ನ ಅದಕ್ಕೆ ಹೇಳಿ ಮುಗಿಸಿದ್ದಾರೆ ಅಕ್ಕಾ."

ಮೂವರೂ ತಿರುಗಿ ನೋಡಿದೆವು. ಸಭಾಪತಿ ನೀರು ಕುಡಿದು, ಗಲ್ಲದಿಂದ ಹನಿ ತೊಟ್ಟಿಕ್ಕಿಸಿಕೊಂಡು ಒಣ ನೆಲದ ಮೇಲೆ ನಿಂತಿತ್ತು.

ಬೆಳಕು ಇಳಿಯತೊಡಗಿತು. ಹೊರಡೋಣವೇ ಎಂದರು ಶಫಿ. ಟೈಗರ್, ಸಭಾಪತಿ, ಶಫಿ, ನಾನು, ನಾಲ್ವರೂ ಒಳಬಾಗಿಲು ದಾಟಿ ನಡುವಿನ ಜಾಗದಲ್ಲಿ ಒತ್ತಿಕೊಂಡು ನಿಂತೆವು. ಒಳಗಿನ ಚಿಲಕ ಹಾಕಿದೆ. ಶಫಿ ಟೈಗರ್‌ಗೆ ಹಗ್ಗ ಕಟ್ಟಿ, ಇನ್ನೊಂದಕ್ಕಾಗಿ ಕೈಚಾಚಿದರು. ಅವರ ಕೈ ದೊಡ್ಡದು, ಶಾಮಿಯಾನದ ಹಗ್ಗ ಎಳೆದೆಳೆದು ಒರಟಾದದ್ದು. ಅಂಥ ಕೈಯಲ್ಲಿ ನಾಯಿ ಸುಖವಾಗಿಯೇ ಇರುತ್ತಿತ್ತು. ನಾನು ಬಗ್ಗಿ ಸಭಾಪತಿಯ ಕೊರಳಿಗೆ ಹಗ್ಗ ಸಿಕ್ಕಿಸಿದೆ. ಅದರ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡೆ.

"ಶಫಿಯವರೇ, ಇದು ನನ್ನ ಹತ್ತಿರವೇ ಇರಲಿ."

ಅವರು ನನ್ನನ್ನೂ ಚೀಲವನ್ನೂ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡು ಹೊರಬಾಗಿಲು ತೆರೆದು ನನಗೆ ದಾರಿಮಾಡಿಕೊಟ್ಟರು. "ಸಾರ್ ಇದ್ದಿದ್ರೆ ಖುಷಿಪಡೋರು," ಎಂದರು. ಅದು ನಿಜವೋ ಸುಳ್ಳೋ ನಾನು ಹೇಳಲಾರೆ.

ಆಮೇಲೆ ಅಲ್ಲಿಗೆ ಬಹಳ ವರ್ಷ ಹೋದೆ. ಬೆಣ್ಣೆ ಮುದಿಯಾಗಿ ಸತ್ತಿತು. ನಾಯಿ ಇಲ್ಲದವರಿಗೆ ಪ್ರವೇಶವಿಲ್ಲವೆಂದು ಸಿಸಿಲಿಯಾ ಬಾಗಿಲಲ್ಲೇ ನಿಂತಾಗ ಶಫಿ ಟೈಗರಿನ ಹಗ್ಗವನ್ನು ಅವರ ಕೈಗೆ ಕೊಟ್ಟು ತಾವು ಸಭಾಪತಿಯ ಜೊತೆ ನಡೆದರು. ನಾನು ಬೆಂಚಿನಲ್ಲಿ ಕೂತು ಮೊದಲು ರೇಖಾಗಣಿತ ಹೇಳಿದೆ. ಅದು ಮುಗಿದ ಮೇಲೆ ಶಾಲೆಯ ಸಂಗತಿಗಳು, ಅಪ್ಪನ ಕೋರ್ಟಿನ ಸಂಗತಿಗಳು, ಅಮ್ಮ ಹೇಳುತ್ತಿದ್ದ ಹಾಡುಗಳು. ಅಣ್ಣನ ಹಾಗೆ ಜನ ಸೇರಲಿಲ್ಲ. ಸಿಸಿಲಿಯಾ ಒಮ್ಮೊಮ್ಮೆ ತೂಕಡಿಸುತ್ತಿದ್ದರು. ಸಭಾಪತಿ ಮಾತ್ರ ಒಂದನ್ನೂ ತಪ್ಪಿಸಿಕೊಳ್ಳದೆ ಕೇಳುತ್ತಿತ್ತು.

ಕೊನೆಕೊನೆಗೆ ಅದಕ್ಕೆ ನಡೆಯಲು ಆಗುತ್ತಿರಲಿಲ್ಲ. ಜಗಲಿಯಲ್ಲಿ ಹೊದಿಕೆ ಹಾಸಿ ಮಲಗಿಸುತ್ತಿದ್ದೆ. ಒಂದು ಮಧ್ಯಾಹ್ನ ಅದರ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ನಿದ್ದೆಯಲ್ಲಿ ಅದರ ಕಾಲುಗಳು ಅಲುಗತೊಡಗಿದವು. ಓಡುವಾಗ ಅಲುಗುವ ಹಾಗಲ್ಲ. ಮುಂಗಾಲು ನಿಧಾನವಾಗಿ ಚಾಚಿ, ಏನನ್ನೋ ಹಿಂದಕ್ಕೆ ತಳ್ಳಿ, ಮತ್ತೆ ಚಾಚುತ್ತಿತ್ತು. ಮೂತಿಯನ್ನು ತುಸು ಮೇಲಕ್ಕೆತ್ತಿ ಹಿಡಿದಿತ್ತು, ಮೂಗಿಗೆ ನೀರು ಹೋಗದ ಹಾಗೆ. ಅದು ನದಿ ಕಂಡ ನಾಯಿಯಲ್ಲ. ನಾನು ಕೈಯಲ್ಲಿದ್ದ ಕಾಯನ್ನು ಮೊರದಲ್ಲಿಟ್ಟು, ಅದು ದಡ ಮುಟ್ಟುವವರೆಗೂ ಎಬ್ಬಿಸದೆ ಕೂತಿದ್ದೆ.